ಗಡಿಯ ಕವಿ, ತರಗತಿಯ ಗುರು: ಕಯ್ಯಾರ ಕಿಞ್ಞಣ್ಣ ರೈ

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾದವು. ಮೂರು ವರ್ಷಗಳ ತರುವಾಯ, 1956ರ ನವೆಂಬರ್ 1ರಂದು, ಕಾಸರಗೋಡು ಕೇರಳಕ್ಕೆ ಸೇರಿತು. ಆದುದರಿಂದ ಸಿ. ಬೆಳಗಲ್ಲಿನಲ್ಲಿ ಕುಳಿತು ಓದುವ ನಮಗೆ ಕಯ್ಯಾರ ಕಿಞ್ಞಣ್ಣ ರೈಗಳು ದೂರದ ಕವಿಯೆನಿಸುವುದಿಲ್ಲ. ಆದರೆ ಈ ಸಮದುಃಖವೇ ನಮ್ಮ ಓದಿಗೆ ತೊಡಕಾಗಿದೆ. ಗಡಿನಾಡನ್ನು ಉರಿಯುವ ಮನೆಯಾಗಿ ಕಂಡ ಅವರ ಒಂದು ಗೀತೆಯನ್ನು ಸಭೆಗಳಲ್ಲಿ ಹಾಡಿ, ಅಷ್ಟಕ್ಕೇ ಕವಿಯನ್ನು ಮುಗಿಸಿಬಿಡುತ್ತೇವೆ.

ಆ ಗೀತೆಯ ಬಲ ಅದರ ಆರ್ತ ಕರೆಯಲ್ಲಿದೆ. ಅದರ ಮಿತಿಯೂ ಅಲ್ಲಿಯೇ. ಚಂದ್ರಗಿರಿ ನದಿಯ ಉತ್ತರಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದರೂ ಅದು ಕಾರ್ಯಗತವಾಗಲಿಲ್ಲ. ಕರೆಗೆ ಓಗೊಡುವವರಿಲ್ಲದಾಗ ಗೀತೆ ಘೋಷಣೆಯಾಗಿ ಉಳಿಯುತ್ತದೆ. ಕವಿಯಾದರೋ ಕರೆ ಕೊಟ್ಟು ಸುಮ್ಮನೆ ಕೂಡಲಿಲ್ಲ. ಪೆರಡಾಲದ ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತ ಬಾಳಿದರು.

1915ರಲ್ಲಿ ಹುಟ್ಟಿದ ರೈಗಳು ಅಧ್ಯಾಪಕರು, ಕೃಷಿಕರು, ಸ್ವಾತಂತ್ರ್ಯ ಹೋರಾಟಗಾರರು. ‘ದುಡಿತವೆ ನನ್ನ ದೇವರು’ ಎಂಬುದು ಅವರ ಆತ್ಮಕಥೆಯ ಹೆಸರು. ಅವರ ಕಾವ್ಯದ ನಿಲುವೂ ಅದೇ. ‘ಶ್ರೀಮುಖ’, ‘ಐಕ್ಯಗಾನ’, ‘ಪುನರ್ನವ’ ಸಂಕಲನಗಳ ಕವಿಗೆ ಭಾಷೆ ತಿಳಿಯಾಗಿರಬೇಕು, ಲಯ ಬಾಯಿಗೆ ಒಗ್ಗಬೇಕು. ತುಳುನಾಡು ದೂರವಿಟ್ಟ ಕೊರಗರನ್ನು ಅವರು ಕವಿತೆಯ ನಡುವಿಗೆ ಕರೆತಂದರು. ಆ ದನಿ ಗಡಿಯ ಕೂಗಿಗಿಂತ ಹೆಚ್ಚು ಕಾಲ ಕಾಡುವಂಥದು. ಹಾಗೆಂದು ದೋಷವನ್ನು ಮರೆಮಾಚಬೇಕಿಲ್ಲ: ಎಷ್ಟೋ ಕಡೆ ಕವಿತೆ ಮುಗಿದ ಮೇಲೂ ಮೇಷ್ಟ್ರು ಪಾಠ ಮುಂದುವರಿಸುತ್ತಾರೆ, ಓದುಗನಿಗೆ ಬಿಡಬೇಕಾದ ಮಾತನ್ನು ತಾವೇ ಆಡಿಬಿಡುತ್ತಾರೆ.

ನಮಗೆ ಮುಖ್ಯವಾದ ಸಂಗತಿ ಇನ್ನೊಂದಿದೆ. ತುಳುವಿನ ಮನೆಯಲ್ಲಿ ಬೆಳೆದ ರೈಗಳು ಕನ್ನಡಕ್ಕಾಗಿ ಹೋರಾಡಿದರು, ತುಳುವಿನಲ್ಲಿಯೂ ಕವಿತೆ ಬರೆದರು. ಮಲೆಯಾಳದ ಮಹಾಕವಿ ಕುಮಾರನ್ ಆಶಾನರ ಕವಿತೆಗಳನ್ನು ಕನ್ನಡಕ್ಕೆ ತಂದರು. ಆಡಳಿತದ ಅನ್ಯಾಯವನ್ನು ಅವರು ನೆರೆಭಾಷೆಯ ತಲೆಗೆ ಕಟ್ಟಲಿಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ನಮ್ಮ ಸೀಮೆಗೆ ಇದಕ್ಕಿಂತ ಬೇರೆ ದಾರಿ ಯಾವುದು?

1969ರಲ್ಲಿ ರಾಷ್ಟ್ರಮಟ್ಟದ ಶಿಕ್ಷಕ ಪ್ರಶಸ್ತಿ, 1997ರಲ್ಲಿ ಮಂಗಳೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಸಂದವು. 2015ರಲ್ಲಿ, ನೂರು ತುಂಬಿದ ಮೇಲೆ, ಅವರು ತೀರಿಕೊಂಡರು. ನಮ್ಮ ಊರುಗಳಲ್ಲಿ ಕನ್ನಡದ ತರಗತಿಗೆ ಮಕ್ಕಳನ್ನು ಕಳುಹಿಸದೆ ಅವರ ಗೀತೆಯನ್ನು ಮಾತ್ರ ಹಾಡಿದರೆ, ನಾವು ಕವಿಯನ್ನು ಅರ್ಧವಷ್ಟೇ ಓದಿದಂತೆ.