ಬೆರಳಿನ ಹಿಡಿತ ತಪ್ಪಿದಾಗ

ಪರದೆಯ ಮೇಲೆ ಓದುವ ಚಿತ್ರಕಥೆಯಾದ ಕೊರಿಯಾದ ವೆಬ್‌ಟೂನ್‌ಗೆ ಒಂದಿಷ್ಟು ಸದ್ದು, ಚಲನೆ ಸೇರಿಸಿದ ಕೂಡಲೇ ಅದನ್ನು 'ಇಂಟರ್‌ಆಕ್ಟಿವ್' ಎಂದು ಕರೆಯುವ ರೂಢಿ ಇದೆ. ಆ ಬಿರುದು ಅಷ್ಟು ಸಲೀಸಾಗಿ ಸಿಗಬಾರದು. ಓದುಗ ಮಾಡುವ ಕೆಲಸಕ್ಕೆ ಕಥೆಯೊಳಗೆ ಅರ್ಥ ಹುಟ್ಟಿದರೆ ಮಾತ್ರ ಅದು ಸಲ್ಲಬೇಕು. 2003ರಲ್ಲಿ ಅಲ್ಲಿನ ಜಾಲತಾಣ ದೌಮ್, ಮರುವರ್ಷ ಇನ್ನೊಂದು ಜಾಲತಾಣ ನೇವರ್ ವೆಬ್‌ಟೂನ್ ಆರಂಭಿಸಿದ ಮೇಲೆ, ಪುಟ ಮಗುಚುವ ಬದಲು ಮೇಲಿನಿಂದ ಕೆಳಕ್ಕೆ ಸರಿಸುತ್ತ ಓದುವ ಕ್ರಮ ಬೇರೂರಿತು. ಅಲ್ಲಿ ಎರಡು ಚಿತ್ರಗಳ ನಡುವಿನ ಖಾಲಿ ಜಾಗವೇ ಕಾಲ. ಅದನ್ನು ಎಷ್ಟು ಬೇಗ ದಾಟಬೇಕು ಎನ್ನುವುದು ಓದುಗನ ಬೆರಳಿಗೆ ಬಿಟ್ಟದ್ದು. ವೆಬ್‌ಟೂನ್ ಚಿತ್ರಕಾರ ಹೊರಾಂಗ್ 2011ರಲ್ಲಿ ಸೋಲ್ ನಗರದ ಬೊಂಗ್‌ಚಿಯಾನ್-ದೊಂಗ್ ಬಡಾವಣೆಯ ದೆವ್ವದ ಕಥೆ ಮಾಡಿದಾಗ ಕಿತ್ತುಕೊಂಡದ್ದು ಈ ಅಧಿಕಾರವನ್ನೇ. ಓದುತ್ತಿರುವಾಗ ಪರದೆ ತಾನಾಗಿ ಸರಿದು ದೆವ್ವ ನಮ್ಮತ್ತ ತಿರುಗುತ್ತದೆ. ಭಯ ಹುಟ್ಟುವುದು ಚಿತ್ರದ ವಿಕಾರಕ್ಕಿಂತ ಹೆಚ್ಚಾಗಿ ಹಿಡಿತ ತಪ್ಪಿದ ಅರಿವಿನಿಂದ.

2017ರಲ್ಲಿ ನೇವರ್‌ನಲ್ಲಿ ಬಂದ ಹಾ ಇಲ್-ಕ್ವೊನ್ ಅವರ 'ಮಾಜುಚ್ಯೊತ್ತಾ' ತಂತ್ರಜ್ಞಾನದಲ್ಲಿ ಇದಕ್ಕಿಂತ ಬಹಳ ಮುಂದಿದೆ. ಓದುಗ ಹೆಸರು ಬರೆದು ಸೆಲ್ಫಿ ಕೊಟ್ಟರೆ ಅವನ ಮುಖ ಚಿತ್ರಕಾರನ ಶೈಲಿಗೆ ಹೊಂದಿ ಕಥೆಯೊಳಗೆ ಸೇರುತ್ತದೆ. ಪುಳಕವೇನೋ ದೊಡ್ಡದೇ. ಆದರೆ ಯಾರ ಮುಖ ಇಟ್ಟರೂ ಕಥೆ ಹಿಡಿಯುವ ದಾರಿ ಒಂದೇ. ಹೊರಾಂಗ್ ಬಳಸಿದ್ದು ಒಂದು ಸಣ್ಣ ತಂತ್ರ, ಆದರೆ ಅದನ್ನು ತೆಗೆದರೆ ಕಥೆಯೇ ನಿಲ್ಲುವುದಿಲ್ಲ. 'ಮಾಜುಚ್ಯೊತ್ತಾ'ದಲ್ಲಿ ಸೆಲ್ಫಿಯನ್ನು ಕೈಬಿಟ್ಟರೂ ಕಥೆ ಉಳಿಯುತ್ತದೆ. ದೆವ್ವ ಬೆಚ್ಚಿಬೀಳಿಸುವುದು ಒಂದೇ ಸಲಕ್ಕೆ ಮುಗಿಯುತ್ತದಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ, ಎರಡನೇ ಓದಿನಲ್ಲಿ ಬೆಚ್ಚುವುದಿಲ್ಲ. ಆದರೆ ಆ ಭಯವನ್ನು ಹೇಗೆ ಕಟ್ಟಿದ್ದಾರೆ ಎಂಬುದು ಕಾಣತೊಡಗುವುದು ಆಗಲೇ. ಓದುವ ಜಾಗವೂ ಇದೇ ತೀರ್ಪು ಕೊಡುತ್ತದೆ. ಬೆಂಗಳೂರಿನ ಅಬ್ಬಿಗೆರೆಯಿಂದ ಜಾಲಹಳ್ಳಿ ಮೆಟ್ರೊಗೆ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತವರಿಗೆ ಬಿಡುವಿರುವುದು ಇನ್ನೊಂದು ಕೈಯ ಹೆಬ್ಬೆರಳಿಗೆ ಮಾತ್ರ. ಸರಿಸಿ ಓದುವ ಕಥೆ ಅಲ್ಲಿ ನಡೆಯುತ್ತದೆ. ಮುಖ ಕೇಳುವ ಕಥೆ ಮನೆ ಮುಟ್ಟುವವರೆಗೆ ಕಾಯಬೇಕು.

ಓದುಗನ ಕೆಲಸಕ್ಕೆ ಅರ್ಥ ಕೊಡುವ ಇಂಥ ಕೃತಿ ಹುಡುಕುವುದೂ ಸುಲಭವಲ್ಲ. ವೆಬ್‌ಟೂನ್ ಆ್ಯಪ್ ಕಥೆಗಳನ್ನು ರೊಮ್ಯಾನ್ಸ್, ಫ್ಯಾಂಟಸಿ, ಥ್ರಿಲ್ಲರ್ ಎಂದೂ ಕಂತು ಬರುವ ವಾರದ ದಿನದಂತೆಯೂ ವಿಂಗಡಿಸುತ್ತದೆ, ಓದುವ ಬಗೆಯಂತೆ ಅಲ್ಲ. ಭಾಷೆಯದೂ ತೊಡಕೇ: ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿಲ್ಲ. ಕ್ರಾಸ್ ಕಾಮಿಕ್ಸ್ ಎಂಬ ಆ್ಯಪ್ ಭಾರತಕ್ಕೆಂದೇ ಕೊರಿಯನ್ ಕಥೆಗಳನ್ನು ತಂದಾಗ ಇಂಗ್ಲಿಷಿನ ಜೊತೆಗೆ ಆರಿಸಿಕೊಂಡದ್ದು ಹಿಂದಿ, ತೆಲುಗು. ಚಿತ್ರವೇ ಮಾತಾಡುವಾಗ ಭಾಷೆಯ ಚಿಂತೆ ಏಕೆ ಎನ್ನುವವರು ವೆಬ್‌ಟೂನ್‌ನ ಸಂಭಾಷಣೆಯ ಪ್ರಮಾಣವನ್ನು ಗಮನಿಸಿಲ್ಲ: ಪ್ರತಿ ಮಾತಿಗೂ ತಡೆದು ಅರ್ಥ ಮಾಡಿಕೊಳ್ಳಬೇಕಾದವನಿಗೆ ಚಿತ್ರಕಾರ ಎಣಿಸಿದ ವೇಗ ಸಿಗುವುದೇ ಇಲ್ಲ. ಕನ್ನಡದಲ್ಲಿ ಓದುಗರಿಲ್ಲ ಎಂಬ ವಾದವೂ ಹಳತು. ಅಮರ ಚಿತ್ರ ಕಥೆಯ ಮೊದಲ ಪುಸ್ತಕಗಳು 1965ರಲ್ಲಿ ಬೆಂಗಳೂರಿನ ಐಬಿಎಚ್ ಪ್ರಕಾಶನದ ಮೂಲಕ ಕನ್ನಡದಲ್ಲೇ ಬಂದವು. ದೇಶಕ್ಕೆ ಹಬ್ಬಿದ ಮಾಲಿಕೆ ಇಲ್ಲಿಂದ ಹೊರಟಿತು. ಆದ್ದರಿಂದ ಆ್ಯಪ್‌ಗಳು ಮುಂದಿನ ಹೂಡಿಕೆಯನ್ನು ಕ್ಯಾಮೆರಾ ಚಮತ್ಕಾರಕ್ಕಿಂತ ಮೊದಲು ಒಳ್ಳೆಯ ಅನುವಾದಕರ ಮೇಲೆ ಹಾಕುವುದು ಲೇಸು. ಬೆರಳು ತಡವರಿಸದೆ ಓದುವಂತಾದರೆ ಮಾತ್ರ, ಅದರ ಹಿಡಿತ ಕಿತ್ತುಕೊಳ್ಳುವ ಹೊರಾಂಗ್‌ನ ಆಟಕ್ಕೂ ಬೆಲೆ.