ತಕಿಟ-ತಕ ಬಿಟ್ಟು ತಕಧಿಮಿಗೆ ಬಂದ ಹುಲಿ

ಕಾಯಿಲೆ ಬಿದ್ದ ಕಡಲರಾಜನಿಗೆ ಮೊಲದ ಯಕೃತ್ತು ಬೇಕು. ಅದನ್ನು ತರಲು ಆಮೆ ನೆಲಕ್ಕೆ ಬಂದಿದೆ. ತೆವಳಿ ತೆವಳಿ ದವಡೆ ಸೆಟೆದಿದೆ. ದೂರದಲ್ಲಿ ಮೊಲ ಕಂಡು ‘ತೊ ಸೆಂಗ್ವನ್’, ಮೊಲರಾಯರೇ, ಎಂದು ಕರೆಯಲು ಹೋಗುತ್ತದೆ. ನಾಲಿಗೆ ಹೊರಳದೆ ‘ತೊ’ ಎಂಬುದು ‘ಹೊ’ ಆಗುತ್ತದೆ. ‘ಹೊ’ ಎಂದರೆ ಹುಲಿ. ಯಾರೂ ಎಂದೂ ರಾಯರೇ ಎಂದು ಕರೆಯದಿದ್ದ ಹುಲಿ ಹಿಗ್ಗಿ ಬೆಟ್ಟ ಇಳಿದು ಬರುತ್ತದೆ.

ಕೊರಿಯಾದ ಕಥನಗಾಯನ ಪನ್ಸೋರಿಯಲ್ಲಿ ಉಳಿದಿರುವ ಐದು ಕಥೆಗಳಲ್ಲಿ ಒಂದಾದ ‘ಸುಗುಂಗ್‌ಗಾ’ದ ಪ್ರಸಂಗ ಇದು. ನೇರಳೆ ಮರದ ಮಂಗ ಮತ್ತು ಮೊಸಳೆಯ ಕಥೆ ಕೇಳಿ ಬೆಳೆದ ನಮಗೆ ಇದು ನೆಂಟರ ಮನೆಯ ಕಥೆ. ಜಾತಕದಿಂದ ಹೊರಟು, ಬೌದ್ಧ ಗ್ರಂಥಗಳ ಜೊತೆ ಚೀನಾ ದಾಟಿ ಕೊರಿಯಾ ಸೇರುವಷ್ಟರಲ್ಲಿ ಮಂಗ ಮೊಲವಾಗಿದೆ, ಮೊಸಳೆ ಆಮೆಯಾಗಿದೆ, ಗುಂಡಿಗೆ ಯಕೃತ್ತಾಗಿದೆ. 1145ರ ಚರಿತ್ರೆ ‘ಸಮ್ಗುಕ್ ಸಾಗಿ’ಯಲ್ಲೇ ಅದು ದಾಖಲಾಗಿದೆ.

2020ರಲ್ಲಿ ಲೀನಾಲ್ಚಿ ಬ್ಯಾಂಡ್ ಈ ಹುಲಿಯನ್ನು ಡ್ಯಾನ್ಸ್ ಬೀಟಿನ ಮೇಲೆ ಇಳಿಸಿತು. ಎರಡು ಬೇಸ್ ಗಿಟಾರ್, ಒಂದು ಡ್ರಮ್ ಸೆಟ್, ಪನ್ಸೋರಿಯಲ್ಲಿ ಪಳಗಿದ ಗಾಯಕರು, ಅಷ್ಟೇ. ಹಗ್ಗದ ಮೇಲೆ ನಡೆಯುವ ಆಟದಿಂದ ಬಂದು ದೊಡ್ಡ ಗಾಯಕನಾದ 19ನೇ ಶತಮಾನದ ಕಲಾವಿದನ ಹೆಸರನ್ನು ಬ್ಯಾಂಡ್ ಇಟ್ಟುಕೊಂಡಿದೆ. ಕೊರಿಯಾದ ಪ್ರವಾಸೋದ್ಯಮ ಸಂಸ್ಥೆ ಅದೇ ವರ್ಷ ಹಾಡಿಗೆ ಆಂಬಿಗ್ಯುಯಸ್ ಡ್ಯಾನ್ಸ್ ಕಂಪನಿಯ ಕುಣಿತ ಜೋಡಿಸಿ ಸೋಲ್ ನಗರದ ಪ್ರಚಾರಕ್ಕೆ ಬಳಸಿತು. ಹಾಡು ಲೋಕ ಸುತ್ತಿತು.

ನನ್ನ ತಕರಾರು ಇಲ್ಲೇ ಶುರುವಾಗುತ್ತದೆ. ಪನ್ಸೋರಿಯಲ್ಲಿ ಹುಲಿ ಬರುವುದು ‘ಒತ್‌ಮೊರಿ’ ಎಂಬ ಲಯದಲ್ಲಿ. ನಮ್ಮ ಬಾಯಲ್ಲಿ ಹೇಳುವುದಾದರೆ ತಕಿಟ-ತಕ, ತಕಿಟ-ತಕ; ಮೂರು ಎರಡು, ಮೂರು ಎರಡು. ಅಸಾಮಾನ್ಯ ಪಾತ್ರವೊಂದು ಪ್ರವೇಶ ಮಾಡುವಾಗ ಈ ಲಯ ಬರುತ್ತದೆ. ಆ ಏರುಪೇರಿನಲ್ಲೇ ಹುಲಿಯ ಮೈಯಿದೆ: ಒಂದು ಭುಜ ಏಳುತ್ತದೆ, ಇನ್ನೊಂದು ಬೀಳುತ್ತದೆ, ಮುಂದಿನ ಹೆಜ್ಜೆ ಎಲ್ಲಿ ಬಿದ್ದೀತೋ ಎಂದು ಕೇಳುವವರ ಉಸಿರು ನಿಲ್ಲುತ್ತದೆ. ಲೀನಾಲ್ಚಿ ಅದನ್ನು ನಾಲ್ಕರ ತಕಧಿಮಿಗೆ ಹಾಕಿದೆ. ಕಾಲು ತಾನಾಗಿ ಕುಣಿಯುತ್ತದೆ, ನನ್ನದೂ ಕುಣಿದಿದೆ. ಆದರೆ ಹುಲಿಯ ಭಯ ಹೋಗಿದೆ.

ಕೊರಿಯಾದ ಜನಪದ ಲಯಗಳಲ್ಲಿ ಬಹುಪಾಲು ಮೂರರ ನಡೆಯವು, ತಿಶ್ರದವು. ಲೋಕದ ಡ್ಯಾನ್ಸ್ ಸಂಗೀತ ನಿಂತಿರುವುದು ನಾಲ್ಕರ ಮೇಲೆ. ಎರಡೂ ಎದುರಾದಾಗ ಯಾವುದು ಮಣಿಯಿತು? ಹಳೆಯ ಕೊರಿಯನ್ ಸಂಗೀತವನ್ನು ಹೊಸ ಪಾಪ್‌ಗೆ ಬೆಸೆಯುವ ಈ ಪಂಥದ ಹಾಡುಗಳನ್ನು ಅಳೆಯಲು ನನಗೆ ಬೇಕಾದ ಪ್ರಶ್ನೆ ಇದೊಂದೇ. ಹೆಚ್ಚಿನ ಕಡೆ ಮಣಿದಿರುವುದು ಮೂರು. ವಾದ್ಯದ ನಾದ ಬರುತ್ತದೆ, ಉಡುಪು ಬರುತ್ತದೆ, ಕೂಗು ಬರುತ್ತದೆ. ಲಯ ಮಾತ್ರ ಬಾಗಿಲಲ್ಲೇ ನಿಲ್ಲುತ್ತದೆ. 2022ರಲ್ಲಿ ಪಾಪ್ ತಂಡ ಬ್ಲ್ಯಾಕ್‌ಪಿಂಕ್ ‘ಪಿಂಕ್ ವೆನಮ್’ ಅನ್ನು ಗೊಮುಂಗೊ ತಂತಿಯ ಮೀಟಿನಿಂದ ತೆರೆಯಿತು. ಆ ಮೀಟು ಒಂದು ಬಣ್ಣ, ಅದಕ್ಕಿಂತ ಹೆಚ್ಚಿಲ್ಲ.

ಎಲ್ಲವೂ ಹಾಗೆಯೇ ಅಲ್ಲ. 1993ರಲ್ಲಿ ಸಿಯೊ ತಾಯ್‌ಜಿ ಮತ್ತು ಗೆಳೆಯರು ‘ಹಯೊಗಾ’ ಹಾಡಿನಲ್ಲಿ ರ‍್ಯಾಪ್ ಮತ್ತು ಮೆಟಲ್ ಗಿಟಾರಿನ ನಡುವೆ ಟೆಪ್ಯಂಗ್ಸೊ ಊದಿಸಿದರು. ಶಹನಾಯಿಯ ಕುಲದ, ಬಯಲಿನಲ್ಲಿ ಕೂಗಲೆಂದೇ ಹುಟ್ಟಿದ ವಾದ್ಯ ಅದು. ಗಿಟಾರಿಗೆ ಹೆದರದೆ ಅದರ ಮೈಮೇಲೇ ಏರಿ ಹೋಗುತ್ತದೆ. ಬಿಟಿಎಸ್‌ನ ಸುಗಾ ಅಗಸ್ಟ್ ಡಿ ಎಂಬ ಹೆಸರಿನಲ್ಲಿ 2020ರಲ್ಲಿ ತಂದ ‘ಡೇಚ್ವಿತಾ’ ಇನ್ನೂ ಗಟ್ಟಿ. ರಾಜನ ಸವಾರಿಯ ಮೇಳವಾದ್ಯ ಅಲ್ಲಿ ಟ್ರ್ಯಾಪ್ ಬೀಟಿನ ಕೆಳಗೆ ಕುಳಿತಿದೆ. ದೊಡ್ಡವನೊಬ್ಬ ಬರುತ್ತಿದ್ದಾನೆ, ದಾರಿ ಬಿಡಿ ಎನ್ನುವುದು ಎರಡರ ಕೆಲಸವೂ ಹೌದು. ಬೆಸುಗೆ ಒಳಗಿನಿಂದ ಆಗಿದೆ.

ಪನ್ಸೋರಿಯಲ್ಲಿ ‘ಮೊದಲು ಗೋಸು, ಆಮೇಲೆ ಗಾಯಕ’ ಎಂಬ ಮಾತಿದೆ. ಗೋಸು ಎಂದರೆ ‘ಬುಕ್’ ಎಂಬ ಮದ್ದಳೆ ನುಡಿಸುವವನು. ಬಲಗೈಯಲ್ಲಿ ಕೋಲು, ಎಡಗೈ ಬರಿದು, ಕಣ್ಣು ಗಾಯಕಿಯ ಮುಖದ ಮೇಲೆ. ಅವಳ ಉಸಿರು ಕುಗ್ಗಿದರೆ ಪೆಟ್ಟು ತಡೆದು ಜಾಗ ಕೊಡುತ್ತಾನೆ. ಅವಳು ಏರಿದರೆ ಮರದ ಅಂಚಿಗೆ ಒಂದು ಟಕ್ ಕೊಟ್ಟು ಏರಿಸುತ್ತಾನೆ. ನಡುವೆ ‘ಒಲ್ಸೂ’ ಎಂದು ಹುರಿದುಂಬಿಸುತ್ತಾನೆ. ಕೇಳುವವರೂ ಕೂಗುತ್ತಾರೆ. ಇದೇ ಚುಇಮ್‌ಸೆ. ಯಾವಾಗ ಬರುತ್ತದೆ ಎಂದು ಯಾರೂ ಬರೆದಿಟ್ಟಿಲ್ಲ. ಬಿಟಿಎಸ್ 2018ರ ‘ಐಡಲ್’ನಲ್ಲಿ ಆ ಕೂಗನ್ನು ಪಲ್ಲವಿಯ ಒಳಗೇ ಕೂರಿಸಿತು. ಸ್ಥಳ ನಿಗದಿಯಾದ ಕೂಡಲೇ ಅದು ಚುಇಮ್‌ಸೆ ಆಗಿ ಉಳಿಯುವುದಿಲ್ಲ ಎಂದೇ ನಾನು ಬಹಳ ದಿನ ವಾದಿಸುತ್ತಿದ್ದೆ. ಈಗ ಅಷ್ಟು ಖಚಿತವಾಗಿ ಹೇಳಲಾರೆ. ಕೊರಿಯನ್ ಬಾರದ ಸಾವಿರಾರು ಮಂದಿ ಕ್ರೀಡಾಂಗಣದಲ್ಲಿ ಆ ಕೂಗನ್ನು ತಿರುಗಿ ಕೂಗುವಾಗ, ಕೇಳುಗರಿಗೂ ಹಾಡಿನಲ್ಲಿ ಪಾಲುಂಟು ಎಂಬ ಹಳೆಯ ಹಕ್ಕು ಬೇರೆ ದಾರಿಯಿಂದ ಮರಳಿದೆ.

ಆದರೂ ನನ್ನ ಮನಸ್ಸು ಹೋಗುವುದು 2015ರಲ್ಲಿ ಹುಟ್ಟಿದ ‘ಅಕ್‌ದಾನ್ ಗ್ವಾಂಗ್‌ಚಿಲ್’ ತಂಡದ ಕಡೆಗೆ. ಕೊರಿಯಾ ಬಿಡುಗಡೆಯಾಗಿ 70 ವರ್ಷ ಆದದ್ದು ಆ ಹೆಸರಿನಲ್ಲೇ ಇದೆ. ಇಂದು ಉತ್ತರ ಕೊರಿಯಾದ ಪಾಲಾಗಿರುವ ಹ್ವಾಂಗ್‌ಹೆ ಪ್ರಾಂತದ ಜನಪದ ಹಾಡುಗಳು, ದೈವ ಮೈಮೇಲೆ ಬರುವ ‘ಗುತ್’ ಆಚರಣೆಯ ಹಾಡುಗಳು ಇವರ ಬಂಡವಾಳ. ಬೇಸ್ ಗಿಟಾರ್ ಇಲ್ಲ. ಕಯಗಮ್, ಅಜೆಂಗ್ ತಂತಿಗಳು, ದೆಗಮ್ ಕೊಳಲು, ಪಿರಿ, ತಾಳವಾದ್ಯ. ಮುಂದೆ ಮೂವರು ಗಾಯಕಿಯರು. ಬೇಸ್‌ನ ಗುಡುಗನ್ನು ಕಮಾನು ಹಾಕಿದ ಅಜೆಂಗ್ ತಂತಿಯಿಂದಲೇ ತೆಗೆಯುತ್ತಾರೆ. ಮೂರರ ನಡೆ ಮುರಿಯದೆ ಉರುಳುತ್ತದೆ. ಮೊದಲ ಸಲ ಕೇಳುವ ಕಿವಿ ನಾಲ್ಕನ್ನು ಹುಡುಕುತ್ತದೆ, ಸಿಗುವುದಿಲ್ಲ, ಅಷ್ಟರಲ್ಲಿ ಭುಜ ತೂಗಲು ಶುರುವಾಗಿರುತ್ತದೆ.