ತಕ್ಕಡಿಗೆ ಸಿಕ್ಕ ಗುಲ್ಮ

ಇಲಿಯ ಗುಲ್ಮ ಹೊಟ್ಟೆಯ ಎಡಮಗ್ಗುಲಲ್ಲಿ ನಾಲಿಗೆಯಂತೆ ಉದ್ದಕ್ಕೆ ಮಲಗಿರುವ ಕಡುಗೆಂಪು ತುಂಡು. ತೂಕ ಒಂದು ಗ್ರಾಂ ಮುಟ್ಟುವುದೂ ಕಷ್ಟ. ಅದರಲ್ಲಿ ಅರ್ಧ ಕತ್ತರಿಸಿ, ಹೊಟ್ಟೆ ಹೊಲಿದು, ಕೆಲವು ವಾರ ಕಳೆದ ಮೇಲೆ ಉಳಿದದ್ದನ್ನು ತೆಗೆದು ತೂಗುವುದು ಪ್ರಯೋಗಾಲಯಗಳ ಹಳೆಯ ರೂಢಿ. ತೂಕ ಏರಿದ್ದರೆ 'ಗುಲ್ಮ ಮತ್ತೆ ಬೆಳೆಯಿತು' ಎಂದು ಬರೆದುಬಿಡುತ್ತಾರೆ. ನನ್ನ ತಕರಾರು ಆ ಮಾತಿನದು.

ಈ ಪ್ರಯೋಗಕ್ಕೆ ಮೇಲ್ಪಂಕ್ತಿ ಯಕೃತ್ತು. 1931ರಲ್ಲಿ ಹಿಗ್ಗಿನ್ಸ್ ಮತ್ತು ಆಂಡರ್ಸನ್ ಇಲಿಯ ಯಕೃತ್ತಿನ ಮೂರರಲ್ಲಿ ಎರಡು ಪಾಲು ತೆಗೆಯುವ ವಿಧಾನ ವಿವರಿಸಿದರು. ಒಂದೆರಡು ವಾರದಲ್ಲಿ ತೂಕ ಹೆಚ್ಚುಕಡಿಮೆ ಮೊದಲಿನಷ್ಟಾಗುತ್ತದೆ. ಅಲ್ಲೂ ಕತ್ತರಿಸಿದ ಹಾಲೆ ಚಿಗುರುವುದಿಲ್ಲ, ಉಳಿದ ಹಾಲೆಗಳೇ ಹಿಗ್ಗುತ್ತವೆ. ಆದರೂ ಅಲ್ಲಿ ತಕ್ಕಡಿಯನ್ನು ನಂಬಬಹುದು, ಏಕೆಂದರೆ ಏರಿದ ತೂಕದಲ್ಲಿ ಬಹುಪಾಲು ದುಡಿಯುವ ಜೀವಕೋಶಗಳೇ. ಗುಲ್ಮವಾದರೋ ರಕ್ತ ಹೀರಿಕೊಂಡ ಸ್ಪಂಜು. ಯಾವ ಅರಿವಳಿಕೆ ಕೊಟ್ಟರು, ರಕ್ತನಾಳ ಯಾವಾಗ ಕಟ್ಟಿದರು ಎಂಬುದರಿಂದಲೂ ಅದರ ತೂಕ ಏರಿಳಿಯುತ್ತದೆ. ಬಾರ್ಬಿಟುರೇಟ್ ಕೊಟ್ಟ ನಾಯಿಯ ಗುಲ್ಮ ಊದಿಕೊಳ್ಳುವುದನ್ನು ಪಶುವೈದ್ಯರು ಬಲ್ಲರು. ಸುಂಡಿಲಿಯಲ್ಲಿ ಇನ್ನೊಂದು ತೊಡಕು: ಬಲಿತ ಮೇಲೂ ಅದರ ಗುಲ್ಮದಲ್ಲಿ ರಕ್ತಕಣಗಳು ತಯಾರಾಗುತ್ತವೆ. ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಹೋದರೆ ಆ ಕೊರತೆ ತುಂಬಲಿಕ್ಕೇ ಗುಲ್ಮ ದಪ್ಪಗಾದೀತು. (ಆರೋಗ್ಯವಂತ ಮನುಷ್ಯನಲ್ಲಿ ಈ ಕೆಲಸ ಹುಟ್ಟುವ ಹೊತ್ತಿಗೇ ಬಹುತೇಕ ನಿಂತಿರುತ್ತದೆ.) ಎಳೆಯ ಪ್ರಾಣಿಯಾದರೆ, ಮುಟ್ಟದೆ ಬಿಟ್ಟಿದ್ದರೂ ಗುಲ್ಮ ಬೆಳೆಯುತ್ತಲೇ ಇತ್ತು. ಸುಮ್ಮನೆ ಹೊಟ್ಟೆ ತೆರೆದು ಮುಚ್ಚಿದ ಇಲಿಗಳ ಜೊತೆ ಹೋಲಿಸದ ಲೆಕ್ಕವನ್ನು ನಾನಂತೂ ಒಪ್ಪಲಾರೆ.

ಅಷ್ಟಕ್ಕೂ ಗುಲ್ಮವನ್ನು ಉಳಿಸುವುದು ಏತಕ್ಕೆ? 1952ರಲ್ಲಿ ಕಿಂಗ್ ಮತ್ತು ಶೂಮಾಕರ್, ಗುಲ್ಮ ತೆಗೆದ ಐದು ಹಸುಗೂಸುಗಳಿಗೆ ತೀವ್ರ ಸೋಂಕು ತಗುಲಿದ್ದನ್ನು ವರದಿ ಮಾಡಿದರು. ಅಲ್ಲಿಂದಾಚೆಗೆ ಶಸ್ತ್ರವೈದ್ಯರ ಕೈ ತಡೆಯತೊಡಗಿತು. ನ್ಯುಮೋಕಾಕಸ್‌ನಂಥ ಬ್ಯಾಕ್ಟೀರಿಯಾ ಸಕ್ಕರೆಸರಪಳಿಯ ಹೊದಿಕೆ ಹೊದ್ದು ಬರುತ್ತದೆ. ಅದರ ವಿರುದ್ಧ ಬೇಗನೆ ಪ್ರತಿಕಾಯ ಹೊರಡಿಸುವುದರಲ್ಲಿ ಗುಲ್ಮದ ಬಿಳಿ ತಿರುಳಿನ ಅಂಚಿನಲ್ಲಿರುವ ಬಿ ಕೋಶಗಳದು ದೊಡ್ಡ ಪಾತ್ರ. ಹಾಗಾದರೆ ಬೆಳೆದ ತುಂಡಿನಲ್ಲಿ ಆ ಅಂಚು ಮತ್ತೆ ಮೂಡಿದೆಯೇ? ಅದರೊಳಗೆ ರಕ್ತ ಸರಿಯಾಗಿ ಹರಿಯುತ್ತಿದೆಯೇ? ಬ್ಯಾಕ್ಟೀರಿಯಾ ಚುಚ್ಚಿದಾಗ ಪ್ರಾಣಿ ಬದುಕುತ್ತದೆಯೇ? ತಕ್ಕಡಿ ಇದಕ್ಕೆಲ್ಲ ಉತ್ತರ ಕೊಡುವುದಿಲ್ಲ.

ಮುಂದೆ ಇಂಥ ಪ್ರಬಂಧ ಕೈಗೆ ಬಂದು, ಅದರಲ್ಲಿ ತೂಕದ ಕೋಷ್ಟಕವೊಂದೇ ಇದ್ದರೆ, 'ಬೆಳೆಯಿತು' ಎಂದಿರುವ ಕಡೆಯಲ್ಲೆಲ್ಲ 'ದಪ್ಪಗಾಯಿತು' ಎಂದು ಓದಿಕೊಳ್ಳಿ.